ಜರ್ಮನಿಯಲ್ಲಿ ಸ್ನಾತಕೋತ್ತರ ಓದಿಗೆ ಎರಡು ಎಕರೆ ಹೊಲ ಮಾರುವುದು ಅಗತ್ಯವೇ?

ಪ್ರಶ್ನೆ | ಬೀಳಗಿಯ ಎರಕಗಾರ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಗ್ರಾಮದವನು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧೀನದ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಎರಡು ವರ್ಷಗಳಿಂದ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯ (ಎರಕದ ಕಾರ್ಖಾನೆಯ) ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಸಿಜಿಪಿಎ ಹತ್ತಕ್ಕೆ 7.8.

ಎರಕದ ಲೋಹಶಾಸ್ತ್ರವನ್ನು ಮುಂದೆ ಓದಬೇಕೆಂಬ ಆಸೆ ಈ ಕೆಲಸಕ್ಕೆ ಸೇರಿದ ಮೇಲೆಯೇ ಹುಟ್ಟಿತು. ಪ್ರತಿ ಸಂಜೆ ಪಾಳಿ ಮುಗಿಯುವ ಹೊತ್ತಿಗೆ ತಿರಸ್ಕೃತವಾದ ಪಂಪ್ ಕವಚಗಳನ್ನು ಎಣಿಸಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಅದೇ ಮರಳು, ಅದೇ ಕರಗಿದ ಕಬ್ಬಿಣ, ಅದೇ ಅಚ್ಚು ಇದ್ದರೂ ಮಳೆಗಾಲದಲ್ಲಿ ಬ್ಲೋಹೋಲ್‌ಗಳು (ಅನಿಲ ಸಿಕ್ಕಿಕೊಂಡು ಎರಕದಲ್ಲಿ ಉಳಿಯುವ ತೂತುಗಳು) ಹೆಚ್ಚುತ್ತವೆ. ಏಕೆಂದು ಕೇಳಿದರೆ "ಮರಳು ಹಸಿ ಆಗೈತಿ" ಎನ್ನುವಲ್ಲಿಗೆ ಮಾತು ನಿಂತುಬಿಡುತ್ತದೆ. ಆ ಉತ್ತರ ನನಗೆ ಸಾಲದು.

ಕಳೆದ ತಿಂಗಳು ವಿದೇಶ ವ್ಯಾಸಂಗದ ಒಂದು ಸಲಹಾ ಕಚೇರಿಗೆ ಹೋಗಿದ್ದೆ. ಸಲಹೆಗೆ ಶುಲ್ಕವಿಲ್ಲ ಎಂದರು. ನಾನು ಎರಕದ ವಿಷಯ ಹೇಳಿದರೆ, ಅವರು ಜರ್ಮನಿಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಕೋರ್ಸನ್ನು ತೋರಿಸಿದರು. ಎರಡು ವರ್ಷದ ಬೋಧನಾ ಶುಲ್ಕವೇ ಸುಮಾರು 20 ಲಕ್ಷ ರೂಪಾಯಿ; ಜೀವನ ವೆಚ್ಚ ಬೇರೆ. ಈ ತಿಂಗಳೊಳಗೆ 50 ಸಾವಿರ ಕಟ್ಟಿ ಸೀಟು ಕಾಯ್ದಿರಿಸದಿದ್ದರೆ ಅವಕಾಶ ತಪ್ಪುತ್ತದೆ ಎಂದು ದಿನಕ್ಕೆರಡು ಬಾರಿ ಫೋನ್ ಮಾಡುತ್ತಿದ್ದಾರೆ. ಸರ್ಕಾರಿ ವಿಶ್ವವಿದ್ಯಾಲಯಗಳ ಬಗ್ಗೆ ಕೇಳಿದಾಗ, "ನಿಮ್ಮ ಅಂಕಕ್ಕೆ ಅದು ಆಗುವುದಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಆಲಮಟ್ಟಿಯ ಹಿನ್ನೀರಿನಲ್ಲಿ ನಮ್ಮ ಮನೆತನದ ಎರೆಹೊಲವೆಲ್ಲ ಹೋಯಿತು. ಪರಿಹಾರದ ಹಣದಲ್ಲಿ ಮನೆ ಕಟ್ಟಿ, ಅತ್ತೆಯ ಮದುವೆ ಮಾಡಿ, ಉಳಿದದ್ದರಲ್ಲಿ ಅಜ್ಜ ನಾಲ್ಕು ಎಕರೆ ಕೊಂಡರು. ಈಗ ಅಪ್ಪ ಅದರಲ್ಲಿ ಎರಡು ಎಕರೆ ಮಾರಲು ಸಿದ್ಧರಾಗಿದ್ದಾರೆ. ಕಬ್ಬು ಕಡಿದ ಮೇಲೆ ನೋಡಲು ಬರುವಂತೆ ಒಬ್ಬರಿಗೆ ಮಾತೂ ಕೊಟ್ಟಿದ್ದಾರೆ. ನಾನು ಬೇಡವೆಂದರೆ, "ಮುಳುಗಿ ಹೋದ ಹೊಲಕ್ಕಿಂತ ಓದಿಗೆ ಹೋದ ಹೊಲ ಮೇಲು" ಎನ್ನುತ್ತಾರೆ. ಅವರ ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಆದರೆ ಮನಸ್ಸು ಒಪ್ಪುತ್ತಿಲ್ಲ.

ಹೊಲ ಮಾರದೆ ಈ ಓದು ಸಾಧ್ಯವೇ, 7.8ಕ್ಕೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ದೊರೆಯುವುದಿಲ್ಲ ಎಂಬುದು ನಿಜವೇ ಎಂದು ತಿಳಿದವರು ದಯವಿಟ್ಟು ಹೇಳಿ. ಇನ್ನೊಂದು ಸಣ್ಣ ತೊಡಕೂ ಇದೆ: ನನ್ನ ಪಾಸ್‌ಪೋರ್ಟ್ ಮತ್ತು ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಇಂಗ್ಲಿಷ್ ಕಾಗುಣಿತ ಬೇರೆ ಬೇರೆಯಾಗಿದೆ.

ಉತ್ತರ 1 | ಗುಮ್ಮಟದೂರಿನ ವಿದ್ಯಾರ್ಥಿ

ನಾನು ವಿಜಯಪುರದವನು. ಜರ್ಮನಿಯ ಪೂರ್ವ ಭಾಗದ ಸಣ್ಣ ಪಟ್ಟಣವೊಂದರ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ವಸ್ತುವಿಜ್ಞಾನದ ಸ್ನಾತಕೋತ್ತರ ಓದಿನ ಮೂರನೆಯ ಸೆಮಿಸ್ಟರಿನಲ್ಲಿದ್ದೇನೆ. ಮೊದಲು ಒಂದು ಮಾತು: ಆ 50 ಸಾವಿರವನ್ನು ಕಟ್ಟಬೇಡಿ. ನಿಮ್ಮ ಓದಿನ ವಿಷಯವನ್ನೇ ಬದಲಿಸಿ ಸೀಟು ತೋರಿಸುವವರಿಗೆ ನಿಮ್ಮ ಅವಸರವೇ ಬಂಡವಾಳ.

ಸಲಹೆಗೆ ಅವರು ಶುಲ್ಕ ಪಡೆಯದಿರಲು ಕಾರಣವಿದೆ. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ಖಾಸಗಿ ಸಂಸ್ಥೆಗಳು ಕಮಿಷನ್ ಕೊಡುತ್ತವೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವೇ ಇಲ್ಲದಿರುವಾಗ ಕಮಿಷನ್ ಎಲ್ಲಿಂದ ಬರಬೇಕು? ಹಾಗಾಗಿ ಆ ಹೆಸರುಗಳು ಅವರ ಪಟ್ಟಿಯಲ್ಲಿ ಕಾಣುವುದೇ ಅಪರೂಪ. ಖಾಸಗಿ ಸಂಸ್ಥೆಗಳೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಎರಕದ ಪ್ರಯೋಗಾಲಯ, ಕುಲುಮೆ, ಮರಳಿನ ಪರೀಕ್ಷೆ ಇವೆಲ್ಲ ಬೇಕಾದ ನಿಮ್ಮ ವಿಷಯಕ್ಕೆ ಅವು ಸರಿಯಾದ ಜಾಗವಲ್ಲ ಅಷ್ಟೆ. 1765ರಲ್ಲಿ ಗಣಿಗಾರಿಕೆಗಾಗಿಯೇ ಸ್ಥಾಪನೆಯಾದ ಫ್ರೈಬೆರ್ಗ್‌ನ ವಿಶ್ವವಿದ್ಯಾಲಯದಲ್ಲಿ ಎರಕಕ್ಕೆಂದೇ ಒಂದು ಸಂಸ್ಥೆ ಇದೆ. ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿಯೂ ಇದೆ. ಮೊದಲು ಅಂತಹ ಕಡೆಗಳಲ್ಲಿ ಹುಡುಕಿ. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ಜಾಲತಾಣದಲ್ಲಿ ಇಂಗ್ಲಿಷ್ ಮಾಧ್ಯಮದ ಕೋರ್ಸುಗಳನ್ನು ವಿಷಯವಾರು ಹುಡುಕಲು ಅವಕಾಶವಿದೆ.

ಸರ್ಕಾರಿ ಎಂದ ಮಾತ್ರಕ್ಕೆ ಎಲ್ಲವೂ ಉಚಿತವೆಂದು ತಿಳಿಯಬಾರದು. ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ 2017ರಿಂದಲೇ ಜಾರಿಯಲ್ಲಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಶುಲ್ಕ ವಿಧಿಸುತ್ತಿದೆ. ಆಖೆನ್‌ನಲ್ಲಿ ವಿಶ್ವವಿದ್ಯಾಲಯದ ಹೆಸರಿನಲ್ಲೇ ಶುಲ್ಕವಿರುವ ಕೆಲವು ಕೋರ್ಸುಗಳು ಬೇರೆಯಾಗಿ ನಡೆಯುತ್ತವೆ. ಆದ್ದರಿಂದ ಶುಲ್ಕದ ಸಾಲನ್ನು ಆಯಾ ಕೋರ್ಸಿನ ಪುಟದಲ್ಲೇ ಓದಬೇಕು, ಬೇರೆಯವರ ಮಾತನ್ನು ನಂಬಬಾರದು.

ಈಗ ನಿಮ್ಮ 7.8ರ ವಿಷಯ. ಇಲ್ಲಿ 1.0 ಅತ್ಯುತ್ತಮ ಶ್ರೇಣಿ, 4.0 ಕನಿಷ್ಠ ಉತ್ತೀರ್ಣ ಶ್ರೇಣಿ. ಗರಿಷ್ಠ ಅಂಕದಿಂದ ನಿಮ್ಮ ಅಂಕವನ್ನು ಕಳೆದು, ಗರಿಷ್ಠ ಮತ್ತು ಕನಿಷ್ಠ ಉತ್ತೀರ್ಣ ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸುತ್ತಾರೆ. ಕನಿಷ್ಠವನ್ನು 4 ಎಂದು ಹಿಡಿದರೆ ನಿಮ್ಮದು 2.1 ಆಗುತ್ತದೆ, 5 ಎಂದು ಹಿಡಿದರೆ 2.3. ಅನೇಕ ಕೋರ್ಸುಗಳು 2.5ರವರೆಗೆ ಅರ್ಜಿಯನ್ನು ಪರಿಗಣಿಸುತ್ತವೆ. "ನಿಮ್ಮ ಅಂಕಕ್ಕೆ ಆಗುವುದಿಲ್ಲ" ಎಂಬ ಮಾತಿಗೆ ಆಧಾರವಿಲ್ಲ ಎಂದು ಇದರಿಂದಲೇ ತಿಳಿಯುತ್ತದೆ.

ಹಣದ ಲೆಕ್ಕ ಹೀಗಿದೆ. ವೀಸಾಕ್ಕಾಗಿ ಬ್ಲಾಕ್ಡ್ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು. ಯೂರೋಗೆ 100 ರೂಪಾಯಿಯಂತೆ ಹಿಡಿದರೆ ಸುಮಾರು 12 ಲಕ್ಷ. ಇದು ಶುಲ್ಕವಲ್ಲ, ನಿಮ್ಮದೇ ಹಣ. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೆ ಬರುತ್ತದೆ. ಸಣ್ಣ ಪಟ್ಟಣದ ವಿದ್ಯಾರ್ಥಿ ನಿಲಯದಲ್ಲಿ ಕೋಣೆ ಸಿಕ್ಕರೆ ಬಾಡಿಗೆ, ಆರೋಗ್ಯ ವಿಮೆ, ದಿನಸಿ ಎಲ್ಲವೂ ಅದರೊಳಗೆ ನಡೆಯುತ್ತದೆ, ಮ್ಯೂನಿಕ್‌ನಲ್ಲಾದರೆ ಕಷ್ಟ. ಇದಲ್ಲದೆ 2022ರ ನವೆಂಬರಿನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿರುವ, ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ ಆಗುತ್ತದೆ. ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ಅರ್ಜಿಗಳನ್ನು ಪರಿಶೀಲಿಸುವ ಯೂನಿ-ಅಸಿಸ್ಟ್ ಮೂಲಕ ಸಲ್ಲಿಸುವ ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿ ಅರ್ಜಿಗೆ 30 ಯೂರೋ. ಎಪಿಎಸ್‌ಗೆ ವಾರಗಟ್ಟಲೆ ಸಮಯ ಹಿಡಿಯುತ್ತದೆ. ಮೊದಲು ಕೈ ಹಾಕಬೇಕಾದ್ದು ಅದಕ್ಕೇ.

ಕೆಲಸ ಮಾಡಿ ಖರ್ಚು ತೂಗಿಸಬಹುದೆಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿಯಿದೆ. 2026ರ ಜನವರಿಯಿಂದ ಕನಿಷ್ಠ ವೇತನ ಗಂಟೆಗೆ 13.90 ಯೂರೋ. ಆದರೆ ಜರ್ಮನ್ ಬಾರದವನಿಗೆ ಸಣ್ಣ ಪಟ್ಟಣದಲ್ಲಿ ಮೊದಲ ಆರು ತಿಂಗಳು ಕೆಲಸ ಸಿಗುವುದೇ ಕಷ್ಟ. ನಾನು ಬಂದ ಮೊದಲ ಚಳಿಗಾಲದಲ್ಲಿ ಒಂದು ಬೇಕರಿಯ ಗೋದಾಮಿನಲ್ಲಿ ಕೆಲಸ ಕೇಳಲು ಹೋದಾಗ, ಅಲ್ಲಿದ್ದ ಹಿರಿಯ ಮಹಿಳೆ ನನಗೆ ಅರ್ಥವಾಗಲೆಂದು ಒಂದೇ ವಾಕ್ಯವನ್ನು ಮೂರು ಬಾರಿ ನಿಧಾನವಾಗಿ ಹೇಳಿದರು. ಮೂರು ಬಾರಿಯೂ ನನಗೆ ತಿಳಿಯಲಿಲ್ಲ. ಹೊರಗೆ ಬಂದು, ಕೈಗವಸು ಕಳಚಿ, ಕೇಳಿದ ಪದಗಳನ್ನು ಫೋನಿನಲ್ಲಿ ಟೈಪಿಸಿ ನೋಡಿದೆ: ಓವನ್ ಬಿಸಿ ಇದೆ, ಮುಟ್ಟಬೇಡ ಎಂದಿದ್ದರು. ಅಂದು ಸಂಜೆಯೇ ಭಾಷಾ ತರಗತಿಗೆ ಹೆಸರು ಬರೆಸಿದೆ. ನೀವು ಫೌಂಡ್ರಿಯಲ್ಲಿ ತರಬೇತಿ ಪಡೆಯಬೇಕೆಂದಿರುವವರು. ಕುಲುಮೆಯ ಬಳಿ ಭಾಷೆ ತಿಳಿಯದಿದ್ದರೆ ಅಪಾಯ. ಬೆಂಗಳೂರು ಮತ್ತು ಪುಣೆಯ ಮ್ಯಾಕ್ಸ್ ಮುಲ್ಲರ್ ಭವನಗಳಲ್ಲಿ ಜರ್ಮನ್ ಭಾಷೆಯ ಪಾಠ ಮತ್ತು ಪರೀಕ್ಷೆ ಎರಡೂ ಇವೆ. ಹೊರಡುವ ಮೊದಲು ಎ2 ಎಂಬ ಎರಡನೆಯ ಹಂತವನ್ನಾದರೂ ಮುಗಿಸಿಕೊಳ್ಳಿ.

ಇನ್ನೊಂದು ಸಂಗತಿಯನ್ನು ಸಲಹಾ ಕಚೇರಿಗಳು ಹೇಳುವುದಿಲ್ಲ. ನಮ್ಮಲ್ಲಿ ಬ್ಯಾಕ್‌ಲಾಗ್ ಉಳಿದರೆ ಮತ್ತೆ ಮತ್ತೆ ಬರೆಯಬಹುದು. ಇಲ್ಲಿ ಒಂದು ಕಡ್ಡಾಯ ವಿಷಯಕ್ಕೆ ಸಾಮಾನ್ಯವಾಗಿ ಮೂರೇ ಅವಕಾಶ. ಮೂರನೆಯ ಬಾರಿಯೂ ಅನುತ್ತೀರ್ಣರಾದರೆ ಆ ಕೋರ್ಸಿನಿಂದ ಹೆಸರು ತೆಗೆಯುತ್ತಾರೆ, ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವ ಬಾಗಿಲೂ ಮುಚ್ಚುತ್ತದೆ. ಆದ್ದರಿಂದ ಹಣದ ಜೊತೆಗೆ ಓದಿನ ತಯಾರಿಯೂ ಇರಲಿ: ಥರ್ಮೋಡೈನಾಮಿಕ್ಸ್ ಮತ್ತು ಲೋಹಗಳ ಘನೀಕರಣದ ಪಾಠಗಳನ್ನು ಈಗಿನಿಂದಲೇ ತಿರುವಿ ಹಾಕಿ.

ಉತ್ತರ 2 | ನಿವೃತ್ತ ಬ್ಯಾಂಕ್ ಅಧಿಕಾರಿ, ಬೆಳಗಾವಿ

ತಮ್ಮಾ, ನಿನ್ನ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಶಾಖೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಾಲದ ಕಡತಗಳನ್ನು ನೋಡಿದವನಾಗಿ ಹೇಳುತ್ತೇನೆ: ಪ್ರವೇಶಪತ್ರ ಕೈಗೆ ಬರುವ ಮುನ್ನ ಹೊಲದ ಮಾತನ್ನು ಯಾರೊಂದಿಗೂ ಮುಂದುವರಿಸಬೇಡಿ ಎಂದು ನಿಮ್ಮ ತಂದೆಯವರಿಗೆ ನನ್ನ ಪರವಾಗಿ ತಿಳಿಸು. ಹಣದ ತುರ್ತು ಇದೆಯೆಂದು ಗೊತ್ತಾದ ದಿನವೇ ಕೊಳ್ಳುವವನು ದರ ಇಳಿಸುತ್ತಾನೆ.

ಹೊಲವನ್ನು ಮಾರದೆ ಅಡವಿಟ್ಟು ಶಿಕ್ಷಣ ಸಾಲ ಪಡೆಯಬಹುದೆಂದು ಅನೇಕ ರೈತರು ಉತಾರ ಹಿಡಿದುಕೊಂಡು ಬ್ಯಾಂಕಿಗೆ ಬರುತ್ತಾರೆ, ನಿರಾಸೆಯಿಂದ ಹಿಂತಿರುಗುತ್ತಾರೆ. ಬ್ಯಾಂಕು ಅದನ್ನು ಒಪ್ಪದಿರುವುದಕ್ಕೆ ಕಾರಣ ಕಾನೂನಿನಲ್ಲಿದೆ. ಸಾಲ ಮರುಪಾವತಿಯಾಗದಾಗ ಅಡವಿನ ಆಸ್ತಿಯನ್ನು ನೇರವಾಗಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಆ ಕಾಯ್ದೆಯಿಂದ ರೈತನ ಹೊಲಕ್ಕೆ ರಕ್ಷಣೆ ಸಿಕ್ಕಿತು, ಆದರೆ ಅದೇ ಕಾರಣಕ್ಕೆ ಶಿಕ್ಷಣ ಸಾಲಕ್ಕೆ ಹೊಲದ ಭದ್ರತೆ ನಡೆಯದಂತಾಯಿತು. ಎನ್.ಎ. (ಕೃಷಿಯೇತರ) ಆದ ಜಾಗ, ಮನೆ, ಠೇವಣಿ ಅಥವಾ ವಿಮಾ ಪಾಲಿಸಿ ಇದ್ದರೆ ದಾರಿ ತೆರೆಯುತ್ತದೆ.

ನಿಮ್ಮದು ಪುನರ್ವಸತಿ ಗ್ರಾಮ ಎಂದಿದ್ದೀಯ. ಅಲ್ಲಿ ಕಟ್ಟಿಸಿದ ಮನೆಯ ಹಕ್ಕುಪತ್ರ ಯಾರ ಹೆಸರಿನಲ್ಲಿದೆ, ಪಂಚಾಯಿತಿಯಲ್ಲಿ ಇ-ಸ್ವತ್ತು (ಗಣಕೀಕೃತ ಆಸ್ತಿ ದಾಖಲೆ) ಆಗಿದೆಯೇ ನೋಡು. ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಮೊದಲು ವಾರಸಾ (ವಾರಸುದಾರರ ಹೆಸರಿಗೆ ವರ್ಗಾವಣೆ) ಮಾಡಿಸಬೇಕು. ನಿನ್ನ ಅತ್ತೆಗೂ ಅದರಲ್ಲಿ ಹಕ್ಕಿರುವ ಸಾಧ್ಯತೆಯಿದೆ. ಅವರ ಸಹಿ ಬೇಕಾಗುತ್ತದೆ. ಹೊಲ ಮಾರಲು ಹೋದರೂ ಇದೇ ಪ್ರಶ್ನೆ ಬರುತ್ತದೆ. ಸಹಿ ಕೇಳುವ ಮೊದಲು ಅವರ ಮನೆಗೆ ಹೋಗಿ, ಕುಳಿತು, ವಿಷಯ ತಿಳಿಸಿ ಬನ್ನಿ. ಕೊನೆಯ ವಾರದಲ್ಲಿ ಕಾಗದ ಹಿಡಿದು ಹೋದದ್ದಕ್ಕೆ ಮನಸ್ಸು ಮುರಿದುಕೊಂಡ ಮನೆಗಳನ್ನು ನಾನು ಬಹಳ ಕಂಡಿದ್ದೇನೆ.

ರಾಷ್ಟ್ರೀಕೃತ ಬ್ಯಾಂಕುಗಳು ಸಾಮಾನ್ಯವಾಗಿ ಅನುಸರಿಸುವ ಮಾದರಿ ಯೋಜನೆಯಂತೆ 7.5 ಲಕ್ಷದವರೆಗೆ ಆಸ್ತಿಯ ಭದ್ರತೆ ಬೇಡ, ಅದಕ್ಕಿಂತ ಮೇಲಾದರೆ ಬೇಕು. ವಿದೇಶದ ಓದಿಗೆ ಒಟ್ಟು ಖರ್ಚಿನ 15 ಪ್ರತಿಶತವನ್ನು ನೀವೇ ಹೊಂದಿಸಬೇಕು. ಬ್ಲಾಕ್ಡ್ ಖಾತೆಯ ಮೊತ್ತಕ್ಕೂ ಸಾಲ ಮಂಜೂರಾಗುತ್ತದೆ. ಅದನ್ನು ಅರ್ಜಿಯ ಖರ್ಚಿನ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ನಿನ್ನ ತಂದೆಯವರ ಮುಂದೆ ಇಡಲು ಒಂದು ಲೆಕ್ಕ ಕೊಡುತ್ತೇನೆ. 10 ಪ್ರತಿಶತ ಬಡ್ಡಿ, ಹತ್ತು ವರ್ಷದ ಕಂತು ಎಂದು ಹಿಡಿ. 15 ಲಕ್ಷಕ್ಕೆ ತಿಂಗಳ ಕಂತು 19,800 ರೂಪಾಯಿಯ ಆಸುಪಾಸು. ಅದೇ ಖಾಸಗಿ ಕೋರ್ಸಿನ ಶುಲ್ಕ ಮತ್ತು ಜೀವನ ವೆಚ್ಚ ಸೇರಿ 40 ಲಕ್ಷವಾದರೆ 52,800ಕ್ಕೂ ಹೆಚ್ಚು. ಮೊದಲನೆಯದನ್ನು, ಜರ್ಮನಿಯಲ್ಲಿ ಕೆಲಸ ಸಿಗದೆ ಊರಿಗೆ ಬಂದರೂ, ಇಲ್ಲಿಯ ಸಂಬಳದಲ್ಲಿ ಬಿಗಿ ಹಿಡಿದು ತೀರಿಸಬಹುದು. ಎರಡನೆಯದನ್ನು ತೀರಿಸಲು ಉಳಿದ ಎರಡು ಎಕರೆಯೂ ಹೋಗಬಹುದು. ಓದುವ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಸರಳ ಬಡ್ಡಿ ಬೆಳೆಯುತ್ತಲೇ ಇರುತ್ತದೆ: 15 ಲಕ್ಷಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ. ಪ್ರತಿ ವರ್ಷ ಕಬ್ಬಿನ ಬಿಲ್ಲು ಬಂದಾಗ ಆ ಬಡ್ಡಿಯನ್ನಷ್ಟೇ ಕಟ್ಟಿಬಿಟ್ಟರೆ ಕೊನೆಗೆ ಹೊರೆ ಹಗುರವಾಗುತ್ತದೆ. ಹೊಲ ಉಳಿದರೆ ತಾನೇ ಬಿಲ್ಲು ಬರುವುದು. ನಿಮ್ಮ ತಂದೆಯವರಿಗೆ ಈ ಮಾತನ್ನು ಬಿಡಿಸಿ ಹೇಳು.

ಬ್ಯಾಂಕಿನ ಶಿಕ್ಷಣ ಸಾಲದಿಂದ ವಿದೇಶಕ್ಕೆ ಕಳುಹಿಸುವ ಹಣಕ್ಕೆ ಟಿಸಿಎಸ್ (ಹಣ ಕಳುಹಿಸುವಾಗಲೇ ಬ್ಯಾಂಕು ಸಂಗ್ರಹಿಸುವ ತೆರಿಗೆ) ಇಲ್ಲ. ಸ್ವಂತ ಹಣವಾದರೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ಮೀರಿದ ಭಾಗಕ್ಕೆ ಮಾತ್ರ ಅದು ಬರುತ್ತದೆ.

ಈ ಚರ್ಚೆ ಓದುವ ಇತರರಿಗಾಗಿ ಒಂದು ವಿಷಯ ಸೇರಿಸುತ್ತೇನೆ. ಪರಿಶಿಷ್ಟ ಜಾತಿಯವರು, ಅಲೆಮಾರಿ ಸಮುದಾಯದವರು, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 125 ಮಂದಿಗೆ ಕೊಡುತ್ತಾರೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ. ನಮ್ಮ ಭಾಗದಿಂದ ಇವುಗಳಿಗೆ ಅರ್ಜಿ ಹಾಕುವವರು ಬಹಳ ಕಡಿಮೆ ಎಂಬುದು ನನ್ನ ಕೊರಗು.

ಉತ್ತರ 3 | ಬಾಗಲಕೋಟೆಯ ಅಧ್ಯಾಪಕಿ

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ವಿದ್ಯಾರ್ಥಿಗಳು ಶಿಫಾರಸು ಪತ್ರಕ್ಕಾಗಿ ಬರುತ್ತಾರೆ. ಬರುವಾಗ ಉದ್ದೇಶ ಪತ್ರವನ್ನೂ ತೋರಿಸುತ್ತಾರೆ. ಹೆಚ್ಚಿನವು "ಬಾಲ್ಯದಿಂದಲೂ ನನಗೆ ಯಂತ್ರಗಳೆಂದರೆ ಬಹಳ ಆಸಕ್ತಿ" ಎಂದೇ ಆರಂಭವಾಗುತ್ತವೆ, ಏಕೆಂದರೆ ಅವನ್ನು ಬರೆದವರು ವಿದ್ಯಾರ್ಥಿಗಳಲ್ಲ, ಸಲಹಾ ಕಚೇರಿಯವರು. ನಿಮ್ಮ ಪ್ರಶ್ನೆಯ ಎರಡನೆಯ ಪರಿಚ್ಛೇದ ಓದಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ನಿಮ್ಮ ಉದ್ದೇಶ ಪತ್ರವನ್ನು ಅಲ್ಲಿಂದಲೇ ಆರಂಭಿಸಿ. ಆ ರಿಜಿಸ್ಟರನ್ನು ತೆಗೆದು ಕುಳಿತು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿರಸ್ಕಾರದ ಪ್ರಮಾಣವನ್ನು ಬೇಸಿಗೆಯ ತಿಂಗಳುಗಳೊಂದಿಗೆ ಹೋಲಿಸಿ ನೋಡಿ. ಆ ದಿನಗಳ ಮರಳಿನ ತೇವಾಂಶವನ್ನು ಅಳೆದಿದ್ದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ಅಳೆದಿಲ್ಲವಾದರೆ ಬರುವ ಮಳೆಗಾಲದಲ್ಲಿ ನೀವೇ ಅಳೆಯಿರಿ. ಹಸಿ ಮರಳಿನ ಅಚ್ಚಿನಲ್ಲಿ ತೇವಾಂಶ ಒಂದು ಪ್ರತಿಶತ ಆಚೀಚೆಯಾದರೂ ಆವಿಯ ಒತ್ತಡ ಎಷ್ಟು ಬದಲಾಗುತ್ತದೆ, ಆ ಅನಿಲ ಹೊರಹೋಗಲು ಮರಳಿನ ಕಣಗಳ ನಡುವೆ ಎಷ್ಟು ದಾರಿ ಇರುತ್ತದೆ ಎಂಬುದು ಓದಲು ಯೋಗ್ಯವಾದ ವಿಷಯ. ಕಾರ್ಖಾನೆಯ ಅಂಕಿಅಂಶ ಬಳಸಲು ಮಾಲೀಕರ ಅನುಮತಿ ಪಡೆಯಿರಿ. ಇಂತಹ ಒಂದು ಪುಟ ಕೈಯಲ್ಲಿದ್ದರೆ ಪ್ರಾಧ್ಯಾಪಕರು ನಿಮ್ಮ 7.8ರ ಆಚೆಗೂ ನೋಡುತ್ತಾರೆ.

ದಾಖಲೆಗಳ ವಿಷಯದಲ್ಲಿ ನಿಮಗೊಂದು ಅನುಕೂಲವಿದೆ. ನೀವು ಬೆಳಗಾವಿಯಲ್ಲೇ ಇದ್ದೀರಿ, ವಿಶ್ವವಿದ್ಯಾಲಯದ ಕೇಂದ್ರವಾದ ಜ್ಞಾನಸಂಗಮ ಆವರಣ ಮಚ್ಛೆಯಲ್ಲೇ ಇದೆ. ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರುಗಳ ಅಂಕಗಳ ಅಧಿಕೃತ ದಾಖಲೆ) ಮತ್ತು ಬೋಧನಾ ಮಾಧ್ಯಮದ ಪತ್ರವನ್ನು ಈಗಲೇ ಮಾಡಿಸಿಕೊಳ್ಳಿ. ಜೊತೆಗೆ ನೀವು ಓದಿದ ಸ್ಕೀಮಿನ ಪೂರ್ಣ ಪಠ್ಯಕ್ರಮವನ್ನು ಉಳಿಸಿಕೊಳ್ಳಿ. ಜರ್ಮನ್ ವಿಶ್ವವಿದ್ಯಾಲಯಗಳು ಒಟ್ಟು ಅಂಕವನ್ನಷ್ಟೇ ಅಲ್ಲ, ಗಣಿತಕ್ಕೆ ಎಷ್ಟು ಕ್ರೆಡಿಟ್, ವಸ್ತುವಿಜ್ಞಾನಕ್ಕೆ ಎಷ್ಟು ಕ್ರೆಡಿಟ್ ಎಂದು ವಿಷಯವಾರು ಹೋಲಿಸುತ್ತವೆ. ಮೆಕ್ಯಾನಿಕಲ್ ಓದಿದವರು ಲೋಹಶಾಸ್ತ್ರಕ್ಕೆ ಹೋಗುವಾಗ ಎಡವುವುದು ಇಲ್ಲಿಯೇ. ಎರಡು ಕ್ರೆಡಿಟ್ ಕೊರತೆಯಿಂದ ಅರ್ಜಿ ತಿರಸ್ಕೃತವಾದ ವಿದ್ಯಾರ್ಥಿನಿಯೊಬ್ಬಳು ನಮ್ಮಲ್ಲಿದ್ದಳು. ಅವಳು ಓದಿದ್ದ ಒಂದು ವಿಷಯದ ಹೆಸರು ಬೇರೆಯಾಗಿದ್ದರೂ ಒಳಗಿನ ಪಾಠ ಅದೇ ಆಗಿತ್ತು. ಪಠ್ಯಕ್ರಮದ ಪ್ರತಿಯನ್ನು ಜೊತೆಗಿಟ್ಟಿದ್ದರೆ ಉಳಿಯುತ್ತಿತ್ತು.

ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರುವಾಗುತ್ತದೆ. ಅರ್ಜಿಯ ಕೊನೆಯ ದಿನ ಅನೇಕ ಕಡೆ ಜುಲೈ 15. ವಿದೇಶಿಯರಿಗೆ ಅದಕ್ಕಿಂತ ಬಹಳ ಮೊದಲೇ ಮುಗಿಯುವ ಕೋರ್ಸುಗಳೂ ಇವೆ. ವೀಸಾ ಅರ್ಜಿ ನಮ್ಮ ರಾಜ್ಯದವರಿಗೆ ಬೆಂಗಳೂರಿನ ದೂತಾವಾಸದ ವ್ಯಾಪ್ತಿಗೆ ಬರುತ್ತದೆ. 2025ರ ಜುಲೈನಿಂದ, ತಿರಸ್ಕೃತ ವೀಸಾವನ್ನು ಮರುಪರಿಶೀಲಿಸುವಂತೆ ಪತ್ರ ಬರೆದು ಕೇಳುವ ಪದ್ಧತಿಯನ್ನು ಜರ್ಮನಿ ನಿಲ್ಲಿಸಿದೆ; ಮತ್ತೆ ಹೊಸ ಅರ್ಜಿ ಹಾಕಬೇಕು, ಇಲ್ಲವೇ ನ್ಯಾಯಾಲಯಕ್ಕೆ ಹೋಗಬೇಕು. ಹಾಗಾಗಿ ಮೊದಲ ಅರ್ಜಿಯಲ್ಲೇ ಕಾಗದಗಳು ಸರಿಯಾಗಿರಬೇಕು.

ಬ್ರಿಟನ್ನಿನ ಒಂದು ವರ್ಷದ ಕೋರ್ಸಿನ ಬಗ್ಗೆ ನಿಮಗೂ ಯಾರಾದರೂ ಹೇಳಬಹುದು. ಓದಿದ ಮೇಲೆ ಅಲ್ಲಿ ಉಳಿಯುವ ಅವಧಿ ಈಗ ಎರಡು ವರ್ಷ. 2027ರ ಜನವರಿ 1ರಿಂದ ಅದಕ್ಕೆ ಅರ್ಜಿ ಹಾಕುವವರಿಗೆ 18 ತಿಂಗಳು. ಬೋಧನಾ ಶುಲ್ಕ ಪೂರ್ತಿ ಕಟ್ಟಬೇಕು. ನಿಮ್ಮ ಮನೆಯ ಸ್ಥಿತಿಗೆ ಅದು ಹೊಂದುವುದಿಲ್ಲ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಗೇಟ್ ಪರೀಕ್ಷೆ ಬರೆದು ಸುರತ್ಕಲ್‌ನ ಎನ್‌ಐಟಿಕೆಯಂತಹ ಕಡೆ ಲೋಹಶಾಸ್ತ್ರದ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಆ ದಾರಿಯನ್ನೂ ತೆರೆದಿಟ್ಟುಕೊಳ್ಳಿ.

ಉತ್ತರ 4 | ವಿಜಯಪುರದ ತಾಯಿ

ಹೆಸರಿನ ಕಾಗುಣಿತದ ತೊಡಕನ್ನು ಸಣ್ಣದೆಂದು ಬರೆದಿದ್ದೀರಿ, ಅಣ್ಣಾ. ನಮ್ಮ ಮನೆಯಲ್ಲಿ ಅದೇ ನಾಲ್ಕು ತಿಂಗಳು ತಿಂದಿತು. ಮಗಳ ಹೆಸರು ಅಶ್ವಿನಿ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಒತ್ತಕ್ಷರಕ್ಕೆ ಇಂಗ್ಲಿಷಿನ ಡಬ್ಲ್ಯು, ಆಧಾರ್‌ನಲ್ಲಿ ವಿ. ಪಾಸ್‌ಪೋರ್ಟನ್ನು ಆಧಾರ್ ನೋಡಿ ಮಾಡಿಸಿದ್ದೆವು. ಪದವಿಯ ಅಂಕಪಟ್ಟಿಗಳೆಲ್ಲ ಹತ್ತನೆಯ ತರಗತಿಯಂತೆ ಇದ್ದವು. ಹತ್ತಾರು ಅಂಕಪಟ್ಟಿಗಳನ್ನು ತಿದ್ದಿಸುವುದಕ್ಕಿಂತ ಒಂದು ಪಾಸ್‌ಪೋರ್ಟನ್ನು ತಿದ್ದಿಸುವುದು ಸುಲಭವೆಂದು ತಿಳಿದವರೊಬ್ಬರು ಹೇಳಿದರು. ಮೊದಲು ಆಧಾರ್ ಸರಿಪಡಿಸಿ, ನಂತರ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ಮರುವಿತರಣೆ ಪಡೆದೆವು. ನಿಮ್ಮದು ತಂದೆಯ ಹೆಸರಾದ್ದರಿಂದ ಅಷ್ಟು ಕಷ್ಟವಾಗಲಿಕ್ಕಿಲ್ಲ; ಆದರೂ ಪ್ರವೇಶಪತ್ರ ಬರುವ ಮುನ್ನವೇ ಮಾಡಿಸಿ. ಪ್ರವೇಶಪತ್ರ ಬಂದ ಮೇಲೆ ಪಾಸ್‌ಪೋರ್ಟ್ ಸಂಖ್ಯೆ ಬದಲಾದರೆ ಮತ್ತೆ ಎಲ್ಲ ಕಡೆಗೂ ಬರೆಯಬೇಕು.

ಇನ್ನೊಂದು ಪ್ರಶ್ನೆ ನಮ್ಮನ್ನು ಕಾಡಿತ್ತು. ಮಗಳ ಜನನ ಪ್ರಮಾಣಪತ್ರದಲ್ಲಿ ಊರು ಬಿಜಾಪುರ. 2014ರ ನವೆಂಬರ್ 1ರಿಂದ ಅದು ವಿಜಯಪುರವಾಯಿತು. ಬೆಳಗಾವಿಯವರಿಗೂ ಇದೇ ಪ್ರಶ್ನೆ ಇದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಅರ್ಜಿಗಳಲ್ಲಿ ತುಂಬಿದೆವು, ಯಾರೂ ಆಕ್ಷೇಪಿಸಲಿಲ್ಲ.

ನಿಮ್ಮ ತಾಯಿಯವರಿಗೆ ಒಂದು ಮಾತು. ಹಾಲಿನಿಂದ ಮಾಡಿದ ಪದಾರ್ಥಗಳನ್ನು ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ನಾನು ಪ್ರೀತಿಯಿಂದ ಕಟ್ಟಿದ್ದ ಬೆಳಗಾವಿಯ ಕುಂದಾ ಮತ್ತು ತುಪ್ಪದ ಡಬ್ಬಿಯನ್ನು ಮಗಳು ಹೊರಡುವ ಹಿಂದಿನ ರಾತ್ರಿ ನಿಯಮ ಓದಿ ಹೊರಗೆ ತೆಗೆದಿಟ್ಟಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇವಕ್ಕೆ ಅಡ್ಡಿಯಾಗಲಿಲ್ಲ.

ಮರುಪ್ರಶ್ನೆ | ಬೀಳಗಿಯ ಎರಕಗಾರ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಕಳೆದ ಭಾನುವಾರ ಊರಿಗೆ ಹೋಗಿ, ಹಿರಿಯರು ಕೊಟ್ಟ ಲೆಕ್ಕವನ್ನು ಹಾಳೆಯ ಮೇಲೆ ಬರೆದು ಅಪ್ಪನ ಮುಂದೆ ಇಟ್ಟೆ. ಅವರು 52,800 ಎಂಬ ಅಂಕಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ನಂತರ ಟ್ರಂಕಿನಿಂದ ಮನೆಯ ಹಕ್ಕುಪತ್ರ ತೆಗೆದು ಕೊಟ್ಟರು. ಅದು ಅಜ್ಜನ ಹೆಸರಿನಲ್ಲೇ ಇದೆ. ನನ್ನದು ಒಂದೇ ಸಂದೇಹ ಉಳಿದಿದೆ: ಬ್ಯಾಂಕಿನವರು ಪ್ರವೇಶಪತ್ರವಿಲ್ಲದೆ ಮಾತನಾಡುವುದಿಲ್ಲ ಎನ್ನುತ್ತಾರೆ; ಪ್ರವೇಶಪತ್ರ ಬಂದ ಮೇಲೆ ಸಾಲಕ್ಕೆ ಸಮಯ ಸಾಲದೆ ಹೋದರೆ ಏನು ಮಾಡಬೇಕು?

ಉತ್ತರ | ನಿವೃತ್ತ ಬ್ಯಾಂಕ್ ಅಧಿಕಾರಿ, ಬೆಳಗಾವಿ

ಸಾಲ ಮಂಜೂರಾಗಲು ಪ್ರವೇಶಪತ್ರ ಬೇಕು, ನಿಜ. ಆದರೆ ಸಮಯ ಹಿಡಿಯುವುದು ಮಂಜೂರಾತಿಯಲ್ಲಲ್ಲ, ಆಸ್ತಿಯ ಕಾಗದಗಳಲ್ಲಿ. ವಾರಸಾ, ಇ-ಸ್ವತ್ತು, ಋಣಭಾರ ಪ್ರಮಾಣಪತ್ರ, ತೆರಿಗೆ ಪಾವತಿಯ ರಸೀದಿ ಇಷ್ಟನ್ನು ಈಗಲೇ ಸಿದ್ಧಮಾಡಿ ಒಂದು ಕಡತದಲ್ಲಿಡು. ಪುನರ್ವಸತಿ ಗ್ರಾಮದ ಹಕ್ಕುಪತ್ರದಲ್ಲಿ ಪರಭಾರೆಗೆ (ಮಾರಾಟ ಅಥವಾ ಹಸ್ತಾಂತರಕ್ಕೆ) ಏನಾದರೂ ಷರತ್ತು ಇದೆಯೇ ಎಂದು ಮೊದಲು ಓದು. ಷರತ್ತಿದ್ದರೆ ಬ್ಯಾಂಕಿನ ವಕೀಲರು ಅಲ್ಲಿಯೇ ನಿಲ್ಲಿಸುತ್ತಾರೆ, ಆಗ ಬೇರೆ ಭದ್ರತೆ ಹುಡುಕಬೇಕಾಗುತ್ತದೆ. ನಿನ್ನ ಸಂಬಳ ಜಮೆಯಾಗುವ ಶಾಖೆಗೇ ಹೋಗಿ, ವ್ಯವಸ್ಥಾಪಕರನ್ನು ಕಂಡು, ಈ ಕಡತವನ್ನು ಒಮ್ಮೆ ತೋರಿಸಿ ಬಾ. ಯಾರಿಂದಲೋ ಬಡ್ಡಿಗೆ ಹಣ ತಂದು ಖಾತೆಯಲ್ಲಿ ತೋರಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡ.

ಬೀಳಗಿಯ ಎರಕಗಾರ

ಹಕ್ಕುಪತ್ರದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಷರತ್ತುಗಳಿವೆ. ಅಪ್ಪನೊಂದಿಗೆ ಕುಳಿತು ಓದಿದೆ. ಪರಭಾರೆಗೆ ಹಾಕಿದ್ದ ಅವಧಿ ಮುಗಿದಿದೆ ಎಂದು ನಮಗೆ ಅನಿಸುತ್ತಿದೆ, ಬೀಳಗಿಯಲ್ಲಿ ವಕೀಲರಿಗೆ ತೋರಿಸುತ್ತೇವೆ. ಸಲಹಾ ಕಚೇರಿಗೆ ಬೇಡವೆಂದು ತಿಳಿಸಿದ್ದೇನೆ. ಹೊಲ ನೋಡಲು ಬರುವವರಿಗೆ ಅಪ್ಪ ತಾವೇ ಫೋನ್ ಮಾಡಿ, ಕಡಿದ ಕಬ್ಬಿನ ಕುಳೆಯನ್ನೇ ಈ ವರ್ಷ ಮತ್ತೆ ಬೆಳೆಯಲು ಬಿಡುತ್ತೇವೆ ಎಂದು ಹೇಳಿದರು. ಬರುವ ಅಮಾವಾಸ್ಯೆಯ ಹಿಂದಿನ ದಿನ ಅವ್ವ, ಅಪ್ಪ ಮತ್ತು ನಾನು ಅತ್ತೆಯ ಊರಿಗೆ ಹೋಗುತ್ತಿದ್ದೇವೆ. ಫೌಂಡ್ರಿಯ ಮಾಲೀಕರನ್ನೂ ಕೇಳಿದೆ. ರಿಜಿಸ್ಟರಿನ ಅಂಕಿಗಳನ್ನು ಕಾರ್ಖಾನೆಯ ಹೆಸರು ಬಾರದಂತೆ ಬಳಸಲು ಒಪ್ಪಿದರು, ಜೊತೆಗೆ ಮರಳಿನ ತೇವಾಂಶ ಅಳೆಯುವ ಹಳೆಯ ಉಪಕರಣವನ್ನು ಉಗ್ರಾಣದಿಂದ ತೆಗೆಸಿಕೊಟ್ಟಿದ್ದಾರೆ. ಅದರ ಮುಳ್ಳು ಸರಿಯಾಗಿ ಸೊನ್ನೆಗೆ ನಿಲ್ಲುತ್ತಿಲ್ಲ. ನಾಳೆ ಪಾಳಿ ಮುಗಿದ ಮೇಲೆ ಬಿಚ್ಚಿ ಸರಿಪಡಿಸಬೇಕು.